‘ಚಾರ್ಜ್’ ಎಂದರೆ ಆರೋಪವೋ, ಹೊಣೆಯೋ, ಶುಲ್ಕವೋ?

ಪ್ರಶ್ನೆ: ಇಂಗ್ಲಿಷಿನ ಸುದ್ದಿ ಮತ್ತು ಕಚೇರಿ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ‘ದ ಪ್ಯಾನೆಲ್ ವಾಸ್ ಚಾರ್ಜ್ಡ್ ವಿತ್ ರಿವ್ಯೂಯಿಂಗ್ ದ ಪ್ರಾಜೆಕ್ಟ್’ ಎಂಬ ವಾಕ್ಯವನ್ನು ‘ಯೋಜನೆ ಪರಿಶೀಲಿಸಿದ ಆರೋಪ ಸಮಿತಿಯ ಮೇಲಿದೆ’ ಎಂದು ಬರೆದು ಬೈಸಿಕೊಂಡೆ. ನಿಘಂಟು ತೆರೆದರೆ ‘ಚಾರ್ಜ್’ ಒಂದಕ್ಕೇ ಮಾರುದ್ದ ಅರ್ಥಗಳಿವೆ. ಎಲ್ಲಿ ಯಾವುದು ಎಂದು ಗುರುತಿಸುವುದು ಹೇಗೆ? ಎಲ್ಲ ಕಡೆ ‘ಚಾರ್ಜ್’ ಎಂದೇ ಬಿಟ್ಟರೆ ತಪ್ಪೇ?

ಉತ್ತರ: ನಿಮ್ಮ ವಾಕ್ಯ ಹೇಳುವುದು ಇಷ್ಟು: ‘ಯೋಜನೆಯನ್ನು ಪರಿಶೀಲಿಸುವ ಹೊಣೆಯನ್ನು ಸಮಿತಿಗೆ ವಹಿಸಲಾಗಿತ್ತು.’ ಎಡವಿದ್ದು ‘ಚಾರ್ಜ್ಡ್ ವಿತ್’ ಎಂಬ ಜೋಡಿಯಲ್ಲಿ, ಅಲ್ಲಿ ಎಡವುವವರು ಬಹಳ ಜನ. ‘ವಿತ್’ ಆದ ಮೇಲೆ ಬರುವುದು ತಪ್ಪೋ ಕೆಲಸವೋ ಎಂದು ನೋಡಿ. ಥೆಫ್ಟ್, ಫೋರ್ಜರಿ, ಮರ್ಡರ್ ಬಂದರೆ ಆರೋಪ. ರಿವ್ಯೂಯಿಂಗ್, ಡ್ರಾಫ್ಟಿಂಗ್, ಇಂಪ್ಲಿಮೆಂಟೇಷನ್ ಬಂದರೆ ಹೊಣೆ. ಎಮೋಷನ್, ಟೆನ್ಷನ್ ಬಂದರೆ ಎರಡೂ ಅಲ್ಲ, ‘ತುಂಬಿದ’ ಎಂದಷ್ಟೇ. ಕ್ರಿಯಾಪದಕ್ಕೆ ‘ಇಂಗ್’ ಅಂಟಿದ್ದರೆ ಹೊಣೆ, ಇಲ್ಲದಿದ್ದರೆ ಆರೋಪ ಎಂದು ಕೆಲವರು ಸುಲಭಸೂತ್ರ ಹೇಳಿಕೊಡುತ್ತಾರೆ. ಅದನ್ನು ನಂಬಬೇಡಿ. ‘ಚಾರ್ಜ್ಡ್ ವಿತ್ ಅಕ್ಸೆಪ್ಟಿಂಗ್ ಎ ಬ್ರೈಬ್’ ಎಂಬಲ್ಲಿ ‘ಇಂಗ್’ ಇದ್ದೂ ಅದು ಲಂಚದ ಆರೋಪವೇ. ವ್ಯಾಕರಣದ ಗುರುತಿಗಿಂತ ಇಲ್ಲಿ ಲೋಕಜ್ಞಾನ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಮಿತಿ, ಇಲಾಖೆ, ಆಯೋಗ ಕರ್ತೃವಾಗಿದ್ದರೆ ಮೊದಲು ಹೊಣೆ ಎಂದೇ ಅನುಮಾನಿಸಿ.

ಅರ್ಥಗಳು ಎಷ್ಟು ಚದುರಿದಂತೆ ಕಂಡರೂ ಬೇರು ಒಂದೇ. ಲ್ಯಾಟಿನ್‌ನಲ್ಲಿ ‘ಕರ್ರುಸ್’ ಎಂದರೆ ಗಾಡಿ. ಅದರಿಂದ ಹುಟ್ಟಿದ ‘ಕರ್ರಿಕಾರೆ’ ಎಂದರೆ ಗಾಡಿಗೆ ಹೇರುವುದು. ಹಳೆಯ ಫ್ರೆಂಚಿನ ಮೂಲಕ 13ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂತು. ಕಾರು, ಕಾರ್ಗೋ, ಕ್ಯಾರಿ, ಕೊನೆಗೆ ವ್ಯಂಗ್ಯಚಿತ್ರದ ಕ್ಯಾರಿಕೇಚರ್ ಕೂಡ ಇದೇ ಮನೆತನದವು. ಗಾಡಿಯ ಮೇಲೆ ಸರಕು ಹೇರುವುದು ಹೋಗಿ ಮನುಷ್ಯನ ಮೇಲೆ ಕೆಲಸ, ತಪ್ಪು, ತೆರಬೇಕಾದ ಹಣ, ಬಂದೂಕಿಗೆ ಮದ್ದು, ಬ್ಯಾಟರಿಗೆ ವಿದ್ಯುತ್ತು ಹೇರುವುದಾಯಿತು. ಇದು ನಮಗೆ ಹೊಸದೇನಲ್ಲ. ಆರೋಪ ಹೊರಿಸುತ್ತೇವೆ, ಹೊಣೆ ಹೊರಿಸುತ್ತೇವೆ, ಸಾಲವನ್ನೂ ಹೊರಿಸುತ್ತೇವೆ. ಕಾರ್ಯಭಾರ, ಪ್ರಭಾರ, ಋಣಭಾರ ಎಲ್ಲದರಲ್ಲೂ ಭಾರವಿದೆ. ಆದ್ದರಿಂದ ವಾಕ್ಯ ಗೊಂದಲವಾದಾಗ ನಿಘಂಟಿನ ಕ್ರಮಸಂಖ್ಯೆ ಹುಡುಕುವ ಮೊದಲು ‘ಯಾರು, ಯಾರ ಮೇಲೆ, ಏನನ್ನು ಹೇರಿದರು’ ಎಂದು ಕೇಳಿಕೊಳ್ಳಿ. ಮುಕ್ಕಾಲು ಪಾಲು ಅಲ್ಲೇ ಬಗೆಹರಿಯುತ್ತದೆ. ಈ ಪ್ರಶ್ನೆಗೆ ನೇರವಾಗಿ ಬಗ್ಗದಿರುವುದು ‘ಮುನ್ನುಗ್ಗು’ ಎಂಬ ಅರ್ಥ ಮಾತ್ರ. ಅದು ಆಯುಧವನ್ನು ಅಣಿಗೊಳಿಸಿ ಎರಗುವುದರಿಂದ ಬೆಳೆದದ್ದಿರಬೇಕು.

ನಿಮ್ಮ ಕೆಲಸದಲ್ಲಿ ಅತಿ ಹೆಚ್ಚು ಹಾನಿ ಮಾಡಬಲ್ಲದ್ದು ನ್ಯಾಯಾಲಯದ ‘ಚಾರ್ಜ್’. ಇಲ್ಲಿ ಪದ ತಪ್ಪಿದರೆ ಒಬ್ಬರ ಮಾನ ಹೋಗುತ್ತದೆ, ಹಾಗಾಗಿ ಮೆಟ್ಟಿಲುಗಳನ್ನು ಬಿಡಿಬಿಡಿಯಾಗಿ ನೋಡುವುದು ಒಳ್ಳೆಯದು. ಯಾರೋ ಪತ್ರಿಕಾಗೋಷ್ಠಿಯಲ್ಲಿ ಬೈದದ್ದು ಬರೀ ಆರೋಪ. ಠಾಣೆಯಲ್ಲಿ ದಾಖಲಾಗುವುದು ಎಫ್‌ಐಆರ್, ಅಂದರೆ ಪ್ರಥಮ ವರ್ತಮಾನ ವರದಿ. ತನಿಖೆ ಮುಗಿಸಿ ಪೊಲೀಸರು ನ್ಯಾಯಾಲಯಕ್ಕೆ ಕೊಡುವುದು ಆರೋಪಪಟ್ಟಿ, ಅದೇ ಚಾರ್ಜ್‌ಶೀಟ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 193ನೇ ಕಲಮು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 173 ಆಗಿತ್ತು. ವಿಚಿತ್ರವೆಂದರೆ ಕಲಮಿನ ಒಳಗೆ ‘ಚಾರ್ಜ್‌ಶೀಟ್’ ಎಂಬ ಪದವೇ ಇಲ್ಲ. ಅಲ್ಲಿರುವುದು ಪೊಲೀಸ್ ಅಧಿಕಾರಿಯ ವರದಿ. ಕಾನೂನಿನ ಮಟ್ಟಿಗೆ ನಿಜವಾದ ‘ಚಾರ್ಜ್’ ಹುಟ್ಟುವುದು ಅದಾದ ಮೇಲೆ, ನ್ಯಾಯಾಧೀಶರು ದಾಖಲೆ ಓದಿ, ಎರಡೂ ಕಡೆಯ ವಾದ ಕೇಳಿ, ಇಂಥ ದಿನ ಇಂಥ ಕಡೆ ಇಂಥ ಕೃತ್ಯ, ಇಂಥ ಕಲಮಿನ ಅಪರಾಧ ಎಂದು ಬರೆದು ಓದಿ ಹೇಳಿದಾಗ. ಇದನ್ನು ‘ಚಾರ್ಜ್ ಫ್ರೇಮ್’ ಮಾಡುವುದು ಎನ್ನುತ್ತಾರೆ, ಕನ್ನಡದಲ್ಲಿ ‘ದೋಷಾರೋಪ ನಿಗದಿ’. ಆರೋಪಪಟ್ಟಿ ಪೊಲೀಸರದ್ದು, ದೋಷಾರೋಪ ನ್ಯಾಯಾಲಯದ್ದು. ‘ಕೋರ್ಟ್ ಫ್ರೇಮ್ಸ್ ಚಾರ್ಜಸ್’ ಎಂಬುದನ್ನು ‘ಕೋರ್ಟ್‌ನಿಂದ ಚಾರ್ಜ್‌ಶೀಟ್ ಸಲ್ಲಿಕೆ’ ಎಂದು ಬರೆದರೆ ನ್ಯಾಯಾಧೀಶರನ್ನೇ ತನಿಖಾಧಿಕಾರಿ ಮಾಡಿದಂತೆ.

ಇದಕ್ಕೆ ಅಂಟಿಕೊಂಡೇ ‘ಡಿಸ್‌ಚಾರ್ಜ್’ ಬರುತ್ತದೆ. ದೋಷಾರೋಪ ನಿಗದಿಗೆ ಮುಂಚೆಯೇ, ಮುಂದುವರಿಸಲು ಸಾಕಷ್ಟು ಆಧಾರವಿಲ್ಲ ಎಂದು ಆರೋಪಿಯನ್ನು ಪ್ರಕರಣದಿಂದ ಕೈಬಿಡುವುದು ಡಿಸ್‌ಚಾರ್ಜ್. ಸೆಷನ್ಸ್ ಪ್ರಕರಣಗಳಲ್ಲಿ ಇದಕ್ಕೆ ಹೊಸ ಸಂಹಿತೆಯ 250ನೇ ಕಲಮು. ವಿಚಾರಣೆ ನಡೆದು, ಸಾಕ್ಷ್ಯ ತೂಗಿ ಬಿಟ್ಟರೆ ಅದು ಅಕ್ವಿಟಲ್, ಅಂದರೆ ಖುಲಾಸೆ. ಖುಲಾಸೆಯಾದವರನ್ನು, ಆ ತೀರ್ಪು ಊರ್ಜಿತದಲ್ಲಿರುವವರೆಗೆ, ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಎಳೆಯಲು ಆಗದು. ಡಿಸ್‌ಚಾರ್ಜ್ ಆದವರಿಗೆ ಆ ರಕ್ಷಣೆ ಇಲ್ಲ, ಹೊಸ ಸಾಕ್ಷ್ಯ ಸಿಕ್ಕರೆ ಪ್ರಕರಣ ಮತ್ತೆ ತೆರೆಯಬಹುದು. ಆದ್ದರಿಂದ ಡಿಸ್‌ಚಾರ್ಜ್ ಸುದ್ದಿಗೆ ‘ಖುಲಾಸೆ’ ಎಂಬ ತಲೆಬರಹ ಕೊಡಬಾರದು. ‘ಬಿಡುಗಡೆ’ಯೂ ಬೇಡ, ಓದುಗರು ಜಾಮೀನು ಸಿಕ್ಕಿತು ಎಂದುಕೊಳ್ಳುತ್ತಾರೆ. ‘ಪ್ರಕರಣದಿಂದ ಕೈಬಿಟ್ಟ ಕೋರ್ಟ್’ ಎಂದರೆ ಸಾಕು.

ವಿದೇಶಿ ಸುದ್ದಿಯಲ್ಲಿ ಇನ್ನೊಂದು ಗುಂಡಿ ಇದೆ. ಇಂಗ್ಲೆಂಡಿನಲ್ಲಿ ಬಂಧನವಾದ ಮೇಲೆ ಸಾಮಾನ್ಯವಾಗಿ 24 ಗಂಟೆಯೊಳಗೆ, ಗಂಭೀರ ಅಪರಾಧವಾದರೆ ಅನುಮತಿ ಪಡೆದು ಹೆಚ್ಚೆಂದರೆ 96 ಗಂಟೆಯೊಳಗೆ, ಶಂಕಿತನನ್ನು ‘ಚಾರ್ಜ್’ ಮಾಡಬೇಕು ಇಲ್ಲವೇ ಬಿಡಬೇಕು. ನಮ್ಮಲ್ಲಿ ಆರೋಪಪಟ್ಟಿಗೆ 60 ಅಥವಾ 90 ದಿನದ ಲೆಕ್ಕವಿದೆ, ಆ ಗಡುವು ದಾಟಿದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ. ಹಾಗಾಗಿ ‘ಮ್ಯಾನ್ ಚಾರ್ಜ್ಡ್ ವಿತ್ ಮರ್ಡರ್ ಇನ್ ಲಂಡನ್’ ಎಂಬುದಕ್ಕೆ ‘ಆರೋಪಪಟ್ಟಿ ಸಲ್ಲಿಕೆ’ ಎಂದರೆ ತನಿಖೆಯೇ ಮುಗಿದುಹೋಯಿತು ಎಂಬ ಸುಳ್ಳು ಚಿತ್ರ ಬರುತ್ತದೆ. ‘ಕೊಲೆ ಆರೋಪ ಹೊರಿಸಲಾಗಿದೆ’ ಎನ್ನಿ.

ಸರ್ಕಾರಿ ನೌಕರರಿಗೆ ಕೊಡುವ ‘ಆರ್ಟಿಕಲ್ಸ್ ಆಫ್ ಚಾರ್ಜ್’ ಬೇರೆಯೇ ಜಾತಿ. 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 11ನೇ ನಿಯಮದಡಿ ಶಿಸ್ತು ಪ್ರಾಧಿಕಾರ ಕೊಡುವ ದೋಷಾರೋಪಣಾ ಪಟ್ಟಿ ಅದು. ಕರ್ತವ್ಯಲೋಪ, ಅನಧಿಕೃತ ಗೈರುಹಾಜರಿಯಂಥವೂ ಅದರಲ್ಲಿರಬಹುದು. ಪೊಲೀಸರಿಗೂ ಅದಕ್ಕೂ ಸಂಬಂಧವಿರಬೇಕಿಲ್ಲ. ‘ತಹಶೀಲ್ದಾರ್ ವಿರುದ್ಧ ಚಾರ್ಜ್‌ಶೀಟ್’ ಎಂದು ತಲೆಬರಹ ಕೊಟ್ಟರೆ ಊರವರೆಲ್ಲ ಕ್ರಿಮಿನಲ್ ಕೇಸು ಎಂದೇ ಓದುತ್ತಾರೆ. ‘ಇಲಾಖಾ ವಿಚಾರಣೆ: ದೋಷಾರೋಪಣಾ ಪಟ್ಟಿ ಜಾರಿ’ ಎಂದು ಬರೆಯಿರಿ. ಉದ್ದವಾಗುತ್ತದೆ ನಿಜ, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ.

ಕಚೇರಿ ಭಾಷೆಯ ‘ಇನ್‌ಚಾರ್ಜ್’ ಮೇಲ್ನೋಟಕ್ಕೆ ಸುಲಭ. ಆದರೆ ಕನ್ನಡದಲ್ಲಿ ಅದಕ್ಕೆ ಎರಡು ಪದಗಳಿವೆ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಖಾಲಿ ಇರುವ ಹುದ್ದೆಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವವರು ‘ಪ್ರಭಾರ’: ಪ್ರಭಾರ ಪ್ರಾಂಶುಪಾಲ, ಪ್ರಭಾರ ಕುಲಪತಿ. ತಮ್ಮ ಹುದ್ದೆಯ ಜೊತೆಗೆ ಇನ್ನೊಂದನ್ನು ಹೊತ್ತರೆ ‘ಹೆಚ್ಚುವರಿ ಪ್ರಭಾರ’. ಮೇಲ್ವಿಚಾರಣೆಗೆಂದೇ ನೇಮಕವಾದವರು ‘ಉಸ್ತುವಾರಿ’: ಜಿಲ್ಲಾ ಉಸ್ತುವಾರಿ ಸಚಿವ, ಪಕ್ಷದ ರಾಜ್ಯ ಉಸ್ತುವಾರಿ. ಉಸ್ತುವಾರಿ ಸಚಿವರನ್ನು ‘ಪ್ರಭಾರ ಸಚಿವ’ ಎಂದು ಬರೆದರೆ ಯಾರೋ ರಾಜೀನಾಮೆ ಕೊಟ್ಟಂತೆ ಕೇಳಿಸುತ್ತದೆ. ಆಸ್ಪತ್ರೆಯ ‘ಚಾರ್ಜ್ ನರ್ಸ್’ ಆ ಪಾಳಿಯಲ್ಲಿ ವಾರ್ಡಿನ ಹೊಣೆ ಹೊತ್ತವರು, ಬಿಲ್ ಮಾಡುವವರಲ್ಲ. ರಾಯಭಾರ ಕಚೇರಿಯ ‘ಷಾರ್ಜೆ ದಫೇರ್’ ರಾಯಭಾರಿ ಇಲ್ಲದಾಗ ಕಚೇರಿ ನಡೆಸುವ ರಾಜತಾಂತ್ರಿಕ. ‘ಪ್ರಭಾರ ರಾಯಭಾರಿ’ ಎಂದರೆ ಓದುಗರಿಗೆ ಕೂಡಲೇ ತಿಳಿಯುತ್ತದೆ.

ಇಲ್ಲಿ ‘ದ’ ಎಂಬ ಪುಟ್ಟ ಪದ ಅರ್ಥವನ್ನು ತಲೆಕೆಳಗು ಮಾಡುತ್ತದೆ. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಎಂದರೆ ಮಗುವಿನ ಹೊಣೆ ನರ್ಸ್ ಮೇಲೆ. ‘ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಎಂದರೂ ಹೊಣೆ ನರ್ಸ್ ಮೇಲೆಯೇ, ಆದರೆ ಕರ್ತೃ ಬದಲಾಗಿದೆ. ‘ಚಾರ್ಜ್’ಗೆ ಮುಂಚೆ ‘ದ’ ಇದ್ದರೆ ಕರ್ತೃ ಆರೈಕೆಯಲ್ಲಿರುವವರು, ಇಲ್ಲದಿದ್ದರೆ ಆರೈಕೆ ಮಾಡುವವರು. ಇದನ್ನು ಗಮನಿಸದೆ ಮಗುವಿಗೆ ನರ್ಸ್ ಹೊಣೆ ವಹಿಸಿಬಿಟ್ಟ ಅನುವಾದಗಳೂ ಇವೆ! ಹಳೆಯ ಬರಹಗಳಲ್ಲಿ ಶಿಕ್ಷಕಿ ‘ಮೈ ಚಾರ್ಜಸ್’ ಎಂದರೆ ತನ್ನ ಸುಪರ್ದಿಯ ಮಕ್ಕಳು, ತನ್ನ ಫೀಜಲ್ಲ.

ಜಮೀನು ಮತ್ತು ಬ್ಯಾಂಕಿನ ಕಾಗದಗಳಲ್ಲಿ ‘ಚಾರ್ಜ್ ಆನ್ ಪ್ರಾಪರ್ಟಿ’ ಬಂದಾಗ ಅನೇಕರು ‘ಆಸ್ತಿಯ ಮೇಲಿನ ಶುಲ್ಕ’ ಎಂದು ಬರೆದುಬಿಡುತ್ತಾರೆ. ಅದು ಶುಲ್ಕವಲ್ಲ, ಸಾಲದ ಭದ್ರತೆಗಾಗಿ ಆಸ್ತಿಯ ಮೇಲೆ ಕೂತ ಭಾರ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅಡಮಾನವನ್ನು 58ನೇ ಕಲಮಿನಲ್ಲೂ ಚಾರ್ಜನ್ನು 100ನೇ ಕಲಮಿನಲ್ಲೂ ಬೇರೆ ಬೇರೆ ಇಟ್ಟಿದೆ. ಅಡಮಾನದಲ್ಲಿ ಆಸ್ತಿಯ ಹಕ್ಕಿನ ಒಂದು ಭಾಗ ಸಾಲ ಕೊಟ್ಟವರಿಗೆ ವರ್ಗಾವಣೆಯಾಗುತ್ತದೆ. ಚಾರ್ಜ್‌ನಲ್ಲಿ ಹಕ್ಕು ವರ್ಗಾವಣೆಯಾಗದು, ಆ ಆಸ್ತಿಯಿಂದ ಹಣ ವಸೂಲು ಮಾಡಿಕೊಳ್ಳುವ ಅಧಿಕಾರ ಮಾತ್ರ ಬರುತ್ತದೆ. ಜೊತೆಗೆ, ಚಾರ್ಜ್ ಇರುವುದು ತಿಳಿಯದೆ ಬೆಲೆ ಕೊಟ್ಟು ಕೊಂಡವರ ಮೇಲೆ ಅದನ್ನು ಸಾಮಾನ್ಯವಾಗಿ ಚಲಾಯಿಸಲಾಗದು. ಇಷ್ಟು ವ್ಯತ್ಯಾಸವಿರುವುದರಿಂದ ಎರಡಕ್ಕೂ ‘ಅಡಮಾನ’ ಎಂದು ಬರೆದರೆ ವಕೀಲರು ಕಾಗದ ವಾಪಸು ಕಳಿಸುತ್ತಾರೆ.

ರೈತರ ಬೆಳೆಸಾಲಕ್ಕೆ 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಕಾಯ್ದೆಯಡಿ ಘೋಷಣಾ ಪತ್ರ ಬರೆದುಕೊಟ್ಟು ಜಮೀನಿನ ಮೇಲೆ ಚಾರ್ಜ್ ಮಾಡಿಸುತ್ತಾರೆ. ಅದು ಪಹಣಿಯ 11ನೇ ಕಾಲಂನಲ್ಲಿ ‘ಋಣ’ ಎಂದು ಕೂರುತ್ತದೆ. ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಇದು ‘ಬೋಜಾ’. ಬೋಜಾ ಎಂದರೂ ಹೊರೆಯೇ, ನಿಘಂಟುಕಾರರಿಗಿಂತ ಮೊದಲೇ ಅವರು ಸರಿಯಾದ ಪದ ಹಿಡಿದಿದ್ದಾರೆ ಎನ್ನಬೇಕು. ಸಾಲ ತೀರಿದ ಮಾತ್ರಕ್ಕೆ ಈ ನಮೂದು ತಾನಾಗಿ ಅಳಿಸಿಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಬ್ಯಾಂಕಿನಿಂದ ಬೇಬಾಕಿ ಪತ್ರ, ಅಂದರೆ ಸಾಲ ಬಾಕಿ ಇಲ್ಲವೆಂಬ ಪತ್ರ ಪಡೆದು, 11ನೇ ಕಾಲಂನಿಂದ ನಮೂದು ಹೋಗಿದೆಯೇ ಎಂದು ಹೊಸ ಪಹಣಿ ತೆಗೆಸಿ ನೋಡಬೇಕು. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ: ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಅದು ಶುದ್ಧವಾಗಿದೆ ಎಂದು ಪಹಣಿ ನೋಡದೆ ಬಿಡುವುದು ಅಪಾಯ. ‘ರಿಲೀಸ್ ಆಫ್ ಚಾರ್ಜ್’ ಎಂದರೆ ‘ಋಣಭಾರ ತೆರವು’. ಇದನ್ನು ‘ಶುಲ್ಕ ಬಿಡುಗಡೆ’ ಎಂದು ಬರೆದರೆ ರೈತನಿಗೆ ಏನೂ ಅರ್ಥವಾಗದು.

ಕಂಪನಿಗಳಲ್ಲಿ ಇದೇ ಚಾರ್ಜನ್ನು 2013ರ ಕಂಪನಿ ಕಾಯ್ದೆಯ 77ನೇ ಕಲಮಿನಂತೆ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್ ಬಳಿ ನೋಂದಾಯಿಸಬೇಕು. ಮಾಡದಿದ್ದರೆ ಕಂಪನಿ ಮುಳುಗಿದಾಗ ಸಮಾಪಕರು (ಅದರ ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಟರ್) ಆ ಭದ್ರತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಕಾಗದಗಳಲ್ಲಿ ‘ಫಿಕ್ಸೆಡ್ ಚಾರ್ಜ್’ ಎಂದರೆ ಗುರುತಿಸಿದ ಒಂದು ಆಸ್ತಿಯ, ಉದಾಹರಣೆಗೆ ಇಂಥ ಕಟ್ಟಡದ, ಮೇಲಿನ ಭಾರ. ‘ಫ್ಲೋಟಿಂಗ್ ಚಾರ್ಜ್’ ಎಂದರೆ ದಿನವೂ ಬದಲಾಗುವ ದಾಸ್ತಾನು, ಬರಬೇಕಾದ ಬಾಕಿಯಂಥವುಗಳ ಮೇಲಿನ ಭಾರ. ಅದೇ ‘ಫಿಕ್ಸೆಡ್ ಚಾರ್ಜ್’ ನಿಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬಂದರೆ ‘ನಿಗದಿತ ಶುಲ್ಕ’. ನೀವು ಒಂದು ಯೂನಿಟ್ಟೂ ಉರಿಸದಿದ್ದರೂ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ಕಟ್ಟಬೇಕಾದದ್ದು. ಬಳಸಿದ ಯೂನಿಟ್ಟುಗಳಿಗೆ ಬೀಳುವುದು ‘ಎನರ್ಜಿ ಚಾರ್ಜ್’. ಕಾಗದ ಬ್ಯಾಂಕಿನದೋ ಬೆಸ್ಕಾಂನದೋ ಎಂದು ನೋಡದೆ ಈ ಜೋಡಿಪದವನ್ನು ಮುಟ್ಟಬೇಡಿ.

ಬಜೆಟ್ ಸುದ್ದಿಯಲ್ಲಿ ‘ಚಾರ್ಜ್ಡ್ ಎಕ್ಸ್‌ಪೆಂಡಿಚರ್’ ಕಂಡರೆ ಸಂವಿಧಾನದ 112 ಮತ್ತು 202ನೇ ಅನುಚ್ಛೇದ ನೆನಪಿಸಿಕೊಳ್ಳಿ. ಸಂಚಿತ ನಿಧಿಯ, ಅಂದರೆ ಸರ್ಕಾರದ ಮುಖ್ಯ ಖಜಾನೆಯ, ಮೇಲೆ ನೇರವಾಗಿ ಬೀಳುವ, ಸದನದ ಮತಕ್ಕೆ ಹಾಕದ ವೆಚ್ಚ ಅದು: ಸಾಲದ ಬಡ್ಡಿ, ರಾಜ್ಯಪಾಲರ ಸಂಬಳ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಇತ್ಯಾದಿ. ಸದನ ಚರ್ಚಿಸಬಹುದು, ಮತ ಹಾಕುವಂತಿಲ್ಲ. ಸರ್ಕಾರಿ ಕನ್ನಡದಲ್ಲಿ ಇದು ‘ಪ್ರಭೃತ ವೆಚ್ಚ’. ಪತ್ರಿಕೆಯಲ್ಲಾದರೆ ‘ಮತಕ್ಕೆ ಹಾಕದ ವೆಚ್ಚ’ ಎಂದು ಬಿಡಿಸಿ ಹೇಳುವುದು ವಾಸಿ.

ಹಣದ ‘ಚಾರ್ಜ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಅರ್ಜಿಗೆ ಶುಲ್ಕ, ಆಟೊಗೆ ಬಾಡಿಗೆ, ಗಾರೆ ಕೆಲಸಕ್ಕೆ ಕೂಲಿ, ಒಡವೆಯ ‘ಮೇಕಿಂಗ್ ಚಾರ್ಜ್’ಗೆ ಮಜೂರಿ. ಎಲ್ಲಕ್ಕೂ ‘ಶುಲ್ಕ’ ಬಳಿದರೆ ಕನ್ನಡ ಸೊರಗುತ್ತದೆ. ನಾವು ‘ಬಸ್ ಚಾರ್ಜ್ ಎಷ್ಟು?’ ಎಂದು ಕೇಳುತ್ತೇವಲ್ಲ, ಇಂಗ್ಲಿಷಿನವರು ಅದಕ್ಕೆ ‘ಫೇರ್’ ಎನ್ನುತ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದು ನೆನಪಿರಲಿ. ‘ಚಾರ್ಜ್ ಇಟ್ ಟು ಮೈ ಅಕೌಂಟ್’ ಎಂದರೆ ‘ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ’. ‘ಸರ್‌ಚಾರ್ಜ್’ ಆದಾಯ ತೆರಿಗೆಯಲ್ಲಿ ಬಂದರೆ ಅದನ್ನು ಹಾಕುವುದು ತೆರಿಗೆಯ ಮೊತ್ತದ ಮೇಲೆ, ಆದಾಯದ ಮೇಲಲ್ಲ. 10 ಲಕ್ಷ ತೆರಿಗೆಗೆ ಶೇ 10 ಸರ್‌ಚಾರ್ಜ್ ಎಂದರೆ 1 ಲಕ್ಷ. ‘ಆದಾಯದ ಮೇಲೆ ಶೇ 10 ಹೆಚ್ಚುವರಿ ತೆರಿಗೆ’ ಎಂದು ಬರೆದರೆ ಓದುಗರ ಎದೆ ಒಡೆದೀತು.

ವಿಜ್ಞಾನ ಲೇಖನಗಳಲ್ಲಿ ‘ಎಲೆಕ್ಟ್ರಿಕ್ ಚಾರ್ಜ್’ಗೆ ಪಠ್ಯಪುಸ್ತಕಗಳು ‘ವಿದ್ಯುದಾವೇಶ’ ಎಂದೂ ‘ವಿದ್ಯುದಂಶ’ ಎಂದೂ ಬಳಸುತ್ತವೆ. ಒಂದು ಲೇಖನದಲ್ಲಿ ಒಂದನ್ನೇ ಹಿಡಿಯಿರಿ. ‘ಆವೇಶ’ ನನಗೆ ಹೆಚ್ಚು ಇಷ್ಟ, ಏಕೆಂದರೆ ‘ಚಾರ್ಜ್ಡ್ ಸ್ಪೀಚ್’ಗೆ ‘ಆವೇಶಭರಿತ ಭಾಷಣ’ ತಾನಾಗಿ ಒದಗುತ್ತದೆ. ಆದರೆ ಮೊಬೈಲಿನಲ್ಲಿ ‘ಆವೇಶ ಮುಗಿದಿದೆ’ ಎಂದು ಯಾರೂ ಹೇಳರು, ಅಲ್ಲಿ ‘ಚಾರ್ಜ್ ಇಲ್ಲ’ ಎಂಬುದೇ ಕನ್ನಡ. ತಂತ್ರಜ್ಞಾನ ಸುದ್ದಿಯಲ್ಲಿ ಚಾರ್ಜ್ ಮತ್ತು ಶಕ್ತಿಯನ್ನು ಬೆರೆಸುವುದು ದೊಡ್ಡ ದೋಷ. ಮಿಲಿಆಂಪಿಯರ್-ಅವರ್ ಅಳೆಯುವುದು ವಿದ್ಯುದಾವೇಶವನ್ನು, ವ್ಯಾಟ್-ಅವರ್ ಅಳೆಯುವುದು ಶಕ್ತಿಯನ್ನು. 10,000 ಮಿಲಿಆಂಪಿಯರ್-ಅವರ್‌ನ ಪವರ್‌ಬ್ಯಾಂಕ್ ಒಳಗಿನ ಕೋಶ 3.7 ವೋಲ್ಟ್‌ನದು, ಆದ್ದರಿಂದ ಶಕ್ತಿ 37 ವ್ಯಾಟ್-ಅವರ್. ಅದು 5 ವೋಲ್ಟ್‌ನಲ್ಲಿ ಹೊರಬರುವಾಗ ಲೆಕ್ಕಕ್ಕೆ 7,400 ಸಿಗಬೇಕು, ಪರಿವರ್ತನೆಯ ನಷ್ಟ ಕಳೆದರೆ 6,000ದ ಆಸುಪಾಸು, ಅಂದರೆ ಸುಮಾರು 30 ವ್ಯಾಟ್-ಅವರ್. 5,000 ಮಿಲಿಆಂಪಿಯರ್-ಅವರ್‌ನ ಫೋನಿನ ಬ್ಯಾಟರಿಯೂ 3.7 ವೋಲ್ಟ್ ಆಸುಪಾಸಿನದೇ, ಅದು ತುಂಬಲು ಸುಮಾರು 19 ವ್ಯಾಟ್-ಅವರ್ ಬೇಕು. ಹೀಗಾಗಿ ಅಂಥ ಫೋನು ‘ಎರಡು ಬಾರಿ ಪೂರ್ತಿ ಚಾರ್ಜ್ ಆಗುತ್ತದೆ’ ಎಂಬ ಸಾಲನ್ನು ಕಣ್ಣುಮುಚ್ಚಿ ಅನುವಾದಿಸಬೇಡಿ, ಸುಮಾರು ಒಂದೂವರೆ ಬಾರಿ ಆದೀತು. ಎಸಿ ರಿಪೇರಿಯಲ್ಲಿ ‘ರೆಫ್ರಿಜರೆಂಟ್ ಚಾರ್ಜ್’ ಎಂದರೆ ಯಂತ್ರದೊಳಗೆ ತುಂಬಿದ ಅನಿಲದ ತೂಕ, ದರವಲ್ಲ. ಎಂಜಿನ್ ಸಿಲಿಂಡರಿನ ‘ಚಾರ್ಜ್’ ಒಳಗೆ ಸೇರಿದ ಗಾಳಿ-ಇಂಧನ, ಕುಲುಮೆಯ ‘ಚಾರ್ಜ್’ ಸುರಿಯುವ ಅದಿರು, ಕೋಕ್, ಸುಣ್ಣಕಲ್ಲು.

ನುಗ್ಗುವ ‘ಚಾರ್ಜ್’ಗೆ ‘ದಾಳಿ’ ಎಂದು ಬರೆಯುವ ಮುನ್ನ ಯೋಚಿಸಿ. ‘ದ ಟಸ್ಕರ್ ಚಾರ್ಜ್ಡ್ ಅಟ್ ದ ಜೀಪ್’ ಎಂದರೆ ಸಲಗ ಜೀಪನ್ನು ಅಟ್ಟಿಸಿಕೊಂಡು ಬಂತು, ಅಷ್ಟೆ. ಜೀಪು ಜಖಂ ಆಯಿತು ಎಂದಲ್ಲ. ಬಂಡೀಪುರ, ನಾಗರಹೊಳೆಯ ವರದಿಗಳಲ್ಲಿ ಬರುವ ‘ಮಾಕ್ ಚಾರ್ಜ್’ ಹೆದರಿಸಲು ಸ್ವಲ್ಪ ದೂರ ನುಗ್ಗಿ ನಿಲ್ಲುವ ಹುಸಿ ದಾಳಿ. ‘ಲಾಠಿ ಚಾರ್ಜ್’ಗೆ ‘ಲಾಠಿ ಪ್ರಹಾರ’ ರೂಢಿಯಲ್ಲಿದೆ. ‘ಮೈಲ್ಡ್ ಲಾಠಿ ಚಾರ್ಜ್’ಗೆ ‘ಲಘು ಲಾಠಿ ಪ್ರಹಾರ’ ಎಂದು ಬರೆಯುತ್ತೇವೆ. ಆದರೆ ಲಘುವೋ ಭಾರಿಯೋ ಎಂಬುದು ಸಾಮಾನ್ಯವಾಗಿ ಪೊಲೀಸರ ಹೇಳಿಕೆ, ಏಟು ತಿಂದವರದ್ದಲ್ಲ. ‘ಪೊಲೀಸರ ಪ್ರಕಾರ’ ಎಂದು ಸೇರಿಸಿ.

‘ಡಿಸ್‌ಚಾರ್ಜ್’ನ ಉಳಿದ ಮುಖಗಳೂ ಬಹುಪಾಲು ಹೇರಿದ್ದನ್ನು ಇಳಿಸುವುದೇ. ಆಸ್ಪತ್ರೆಯಿಂದಾದರೆ ‘ಮನೆಗೆ ಕಳಿಸಿದರು’, ಸಾಲದಿಂದಾದರೆ ‘ಋಣಮುಕ್ತಿ’, ಕರ್ತವ್ಯದ್ದಾದರೆ ಇಳಿಸುವುದಲ್ಲ, ‘ನಿರ್ವಹಣೆ’. ಕೆಆರ್‌ಎಸ್‌ ಸುದ್ದಿಯಲ್ಲಿ ಕ್ಯುಸೆಕ್ ಜೊತೆ ಬಂದರೆ ‘ಹೊರಹರಿವು’. ಗಾಯದ ಬಗ್ಗೆ ವೈದ್ಯರು ಬರೆದಿದ್ದರೆ ಸೋರುವ ಕೀವು ಅಥವಾ ರಸಿಗೆ.

ಇನ್ನು ‘ಚಾರ್ಜ್’ ಎಂದೇ ಬಿಡಬಹುದೇ ಎಂಬುದು. ಫೋನು, ಬ್ಯಾಟರಿ, ರೀಚಾರ್ಜ್, ಲಾಠಿ ಚಾರ್ಜ್, ಆಡುಮಾತಿನ ಬಸ್ ಚಾರ್ಜ್‌ನಲ್ಲಿ ಬಿಡಿ, ಯಾರಿಗೂ ತೊಡಕಿಲ್ಲ. ‘ಚಾರ್ಜ್‌ಶೀಟ್’ ಪೊಲೀಸರದ್ದಾಗಿದ್ದರೆ ತಲೆಬರಹದಲ್ಲಿ ನಡೆಯುತ್ತದೆ. ಜಮೀನು, ಬ್ಯಾಂಕು, ಇಲಾಖಾ ವಿಚಾರಣೆ, ನ್ಯಾಯಾಲಯದ ದೋಷಾರೋಪ ಮತ್ತು ಬಜೆಟ್, ಈ ಐದು ಕಡೆ ಮಾತ್ರ ಬಿಡಬೇಡಿ, ಅಲ್ಲಿ ಓದುಗರು ‘ಚಾರ್ಜ್’ ಎಂದೊಡನೆ ದುಡ್ಡು ಅಥವಾ ಪೊಲೀಸ್ ಎಂದೇ ತಿಳಿಯುತ್ತಾರೆ.